ಎರಡು ಗೆರೆ ಪೆಟ್ರೋಲ್

"ಹದಿನೇಳು," ಎಂದ ಗಂಡ.

ಸ್ಟೀಲಿನ ಅಳತೆಪಟ್ಟಿಯನ್ನು ಬೈಕಿನ ಟ್ಯಾಂಕಿನಿಂದ ಮೇಲೆತ್ತಿ ಸಂಜೆಯ ಬೆಳಕಿಗೆ ಹಿಡಿದಿದ್ದ. ಒದ್ದೆಯ ಗುರುತು ಆರುವ ಮೊದಲೇ ಓದಿಬಿಡಬೇಕು. ಓದಿದ, ಮತ್ತೊಮ್ಮೆ ಇಳಿಸಿದ, ಮತ್ತೊಮ್ಮೆ ಓದಿದ. ಎರಡನೇ ಸಲವೂ ಅಷ್ಟೇ. ಅವಳು ಅಂಗಳದ ಗೋಡೆಗೆ ಬೆನ್ನು ಕೊಟ್ಟು, ರಕ್ತದ ಮಾದರಿಗಳನ್ನು ಒಯ್ಯುವ ನೀಲಿ ಪೆಟ್ಟಿಗೆಯನ್ನು ಎದೆಗವಚಿಕೊಂಡು ನಿಂತಿದ್ದಳು. ಹೆಲ್ಮೆಟ್ ಇನ್ನೂ ತಲೆಯ ಮೇಲೇ ಇತ್ತು. ತೆಗೆಯಲೋ ಬೇಡವೋ ಎಂದು ಯೋಚಿಸುತ್ತಿದ್ದಳು.

"ಹನ್ನೆರಡು ಖರ್ಚಾಗಬೇಕಿತ್ತು. ಐದು ಗೆರೆ ಜಾಸ್ತಿ. ಐದು ಗೆರೆ ಅಂದ್ರೆ ಎಷ್ಟು?"

"ಅರ್ಧ ಲೀಟರ್."

"ಅರ್ಧ ಲೀಟರಿಗೆ?"

"ಇಪ್ಪತ್ತೈದು ಕಿಲೋಮೀಟರ್."

"ಹನ್ನೆರಡೂವರೆ ಹೋಗೋಕೆ, ಹನ್ನೆರಡೂವರೆ ಬರೋಕೆ." ಅವನು ಟ್ಯಾಂಕಿನ ಮುಚ್ಚಳವನ್ನು ಜೋಪಾನವಾಗಿ ತಿರುಗಿಸಿ ಮುಚ್ಚಿದ. "ಹೇಳು. ಹನ್ನೆರಡೂವರೆ ಕಿಲೋಮೀಟರ್ ದೂರದಲ್ಲಿ ಯಾರಿದ್ದಾನೆ?"

"ಯಾರೂ ಇಲ್ಲ ರೀ. ದಿನಾ ಹೋಗೋ ಮನೆಗಳಿಗೇ ಹೋಗಿದ್ದು. ಬೇಕಿದ್ರೆ ಪಟ್ಟಿ ನೋಡಿ, ಸಹಿ ಇದೆ..."

"ಹೆಲ್ಮೆಟ್ ತೆಗಿ."

ತೆಗೆದಳು. ಅವನು ಮುಖಕ್ಕೆ ಹೊಡೆಯಲಿಲ್ಲ. ನಾಲ್ಕು ಜನರ ಮನೆಗೆ ಹೋಗುವವಳು, ಮುಖದ ಮೇಲೆ ಗುರುತು ಬೀಳಬಾರದೆಂಬ ಎಚ್ಚರ ಅವನಿಗಿತ್ತು. ಪೆಟ್ಟಿಗೆಯನ್ನು ಹಿಡಿದಿದ್ದ ಎಡಗೈಯ ಮೇಲೆ ಅಳತೆಪಟ್ಟಿಯ ಅಂಚಿನಿಂದ ಹೊಡೆದ. ಹೆಚ್ಚಾದ ಗೆರೆಗೊಂದರಂತೆ ಐದು ಏಟು, ಎಣಿಸಿಕೊಂಡು. ನಾಲ್ಕನೆಯದಕ್ಕೆ ತೋರುಬೆರಳಿನೊಳಗೆ ಏನೋ ಸಣ್ಣಗೆ ಲಟಕ್ಕೆಂದಿತು. ಐದನೆಯದು ಅದರ ಮೇಲೇ ಬಿತ್ತು. ಅಡುಗೆಮನೆಯಲ್ಲಿ ಅತ್ತೆ ನಲ್ಲಿಯನ್ನು ಇನ್ನಷ್ಟು ಜೋರಾಗಿ ತಿರುಗಿಸಿದರು. ಸಿಂಕಿನಲ್ಲಿ ನಾಲ್ಕೇ ಪಾತ್ರೆಗಳಿದ್ದರೂ ನೀರು ಬಹಳ ಹೊತ್ತು ಸುರಿಯಿತು.

ಗಂಡ ಹೆದ್ದಾರಿಯ ಪಕ್ಕದ ಪೆಟ್ರೋಲ್ ಬಂಕಿನಲ್ಲಿ ಮೇಲ್ವಿಚಾರಕ. ಹದಿನಾಲ್ಕು ವರ್ಷಗಳಲ್ಲಿ ಅವನ ಕೈಯಿಂದ ಒಂದು ಹನಿ ಕಡಿಮೆ ಹೋಗಿದೆಯೆಂದು ದೂರು ಬಂದದ್ದಿಲ್ಲ. ದಿನಾ ಬೆಳಿಗ್ಗೆ ನೆಲದೊಳಗಿನ ಟ್ಯಾಂಕಿಗೆ ಉದ್ದನೆಯ ಕೋಲು ಇಳಿಸಿ ಅಳೆಯುತ್ತಿದ್ದ, ಗಾಜಿನ ಜಾಡಿಯಲ್ಲಿ ಪೆಟ್ರೋಲಿನ ಸಾಂದ್ರತೆ ನೋಡುತ್ತಿದ್ದ, ಯಾರಾದರೂ ಅನುಮಾನಪಟ್ಟರೆ ಐದು ಲೀಟರಿನ ಅಳತೆ ಡಬ್ಬಿ ತಂದು ಕಣ್ಣೆದುರೇ ತುಂಬಿಸಿ ತೋರಿಸುತ್ತಿದ್ದ. ಲಾರಿಯವರು ಹತ್ತು ಮೈಲಿ ಸುತ್ತಿ ಬಂದು ಅವನ ಬಳಿಯೇ ಹಾಕಿಸಿಕೊಳ್ಳುತ್ತಿದ್ದರು. ಹೆಣ್ಣು ನೋಡಲು ಬಂದಾಗ ಅವಳ ಅಪ್ಪನಿಗೆ ಹಿಡಿಸಿದ್ದೂ ಇದೇ. "ಅಳತೆ ತಪ್ಪದ ಮನುಷ್ಯ ಕಣಮ್ಮ," ಎಂದಿದ್ದರು.

ಬೈಕು ಆ ಅಪ್ಪನದು. ಅವರು ತೀರಿಕೊಂಡ ಮೇಲೆ ಅವಳಿಗೆ ಬಂದಿತ್ತು. ಬೆಳಿಗ್ಗೆ ಆರಕ್ಕೆ ಹೊರಟು ಮನೆಮನೆಗೆ ಹೋಗಿ ರಕ್ತ ತೆಗೆದು ಲ್ಯಾಬಿಗೆ ತಲುಪಿಸುವ ಕೆಲಸ ಅವಳದು. ಗಂಡಸರ ಗಾಡಿಯ ಮೇಲೆ ಕಾಲು ಹಾಕಿ ಬರುವ ಅವಳನ್ನು ಮಕ್ಕಳೆಲ್ಲ ಸೂಜಿಯಕ್ಕ ಎನ್ನುತ್ತಿದ್ದರು. "ಸೂಜಿಯಕ್ಕ ಚುಚ್ಚಿದ್ದೇ ಗೊತ್ತಾಗಲ್ಲ," ಎಂದು ಮುದುಕಿಯರು ಅವಳೇ ಬರಬೇಕೆಂದು ಹಟ ಹಿಡಿಯುತ್ತಿದ್ದರು. ಎಡಗೈಯ ತೋರುಬೆರಳನ್ನು ಮೊಣಕೈಯ ಮಡಿಕೆಯ ಮೇಲೆ ಹಗುರವಾಗಿ ಆಡಿಸಿದರೆ ಸಾಕು, ಎಂಥ ಅಡಗಿದ ನರವೂ ಸಿಕ್ಕುತ್ತಿತ್ತು.

ಬೈಕಿನ ಮೀಟರಿನ ಕೇಬಲ್ ತುಂಡಾಗಿ ವರ್ಷವಾಗಿತ್ತು. ಹಾಕಿಸುತ್ತೇನೆಂದರೆ ಗಂಡ ಬಿಟ್ಟಿರಲಿಲ್ಲ. "ಮೀಟರ್ ಸುಳ್ಳು ಹೇಳಬಹುದು, ಪೆಟ್ರೋಲ್ ಹೇಳಲ್ಲ," ಎಂದಿದ್ದ. ಒಂದು ಭಾನುವಾರ ಟ್ಯಾಂಕನ್ನು ಬರಿದು ಮಾಡಿ, ನೂರು ಮಿಲಿಲೀಟರಿನ ಅಳತೆಯಿಂದ ಮತ್ತೆ ತುಂಬಿಸುತ್ತ, ಪ್ರತಿ ನೂರಕ್ಕೂ ಸ್ಟೀಲ್ ಪಟ್ಟಿಯ ಮೇಲೆ ಅರದಿಂದ ಒಂದು ಗೆರೆ ಗೀಚಿದ್ದ. ಅವಳ ದಿನದ ದಾರಿಯನ್ನು ತಾನೇ ಓಡಿಸಿ ನೋಡಿ ಅರವತ್ತು ಕಿಲೋಮೀಟರ್ ಎಂದು ಬರೆದುಕೊಂಡಿದ್ದ. ಲೀಟರಿಗೆ ಐವತ್ತರಂತೆ ದಿನಕ್ಕೆ ಹನ್ನೆರಡು ಗೆರೆ. ಭಾನುವಾರ ಬೆಳಿಗ್ಗೆ ಬಂಕಿನಿಂದ ಅವನೇ ಪೆಟ್ರೋಲ್ ತಂದು ತುಂಬಿಸುವನು, ಪ್ರತಿ ಸಂಜೆ ಅವನೇ ಅಳೆಯುವನು. ಬಹಳ ದಿನ ಅದು ಹನ್ನೆರಡರ ಆಸುಪಾಸಿನಲ್ಲೇ ಇತ್ತು. ಮೂರು ತಿಂಗಳಿಂದ ಮಾತ್ರ ಹದಿಮೂರಾಯಿತು, ಹದಿನೈದಾಯಿತು, ಈಗ ಹದಿನೇಳು.

ಬೆರಳಿಗೆ ಅವಳು ಲ್ಯಾಬಿನಲ್ಲೇ ಪಟ್ಟಿ ಕಟ್ಟಿಸಿಕೊಂಡಳು. ಬಾಗಿಲಿಗೆ ಸಿಕ್ಕಿತು ಎಂದಳು. ಎರಡು ದಿನ ಕಳೆದ ಮೇಲೆ ನಿವೃತ್ತ ಮೇಷ್ಟ್ರೊಬ್ಬರ ತೋಳಿಗೆ ಮೂರು ಸಲ ಚುಚ್ಚಿದರೂ ನರ ಸಿಗಲಿಲ್ಲ. ಮೇಷ್ಟ್ರು ಹಲ್ಲು ಕಚ್ಚಿ, "ಇರಲಿ ಬಿಡಮ್ಮ, ನನ್ನದು ಮೊದಲಿಂದಲೂ ಕಳ್ಳ ನರ," ಎಂದು ನಕ್ಕರು. ಅವಳು ಹೊರಬಂದು ಬೈಕಿನ ಪಕ್ಕ ಕೂತು ಅತ್ತಳು. ಏಟು ಬಿದ್ದಾಗ ಅತ್ತಿರಲಿಲ್ಲ.

ಅಲ್ಲಿಂದ ಹೊರಟು ಎರಡು ಬೀದಿ ದಾಟುವಷ್ಟರಲ್ಲಿ ಗಾಡಿ ಕೆಮ್ಮಿ ನಿಂತಿತು. ತಳ್ಳಿಕೊಂಡು ಹೋದರೆ ತಿರುವಿನಲ್ಲೊಂದು ಗ್ಯಾರೇಜ್. ಅದರ ಮೇಸ್ತ್ರಿ ಅರವತ್ತು ದಾಟಿದ ಮನುಷ್ಯ, ಬಾಯಿ ಸುಮ್ಮನಿದ್ದರೆ ಕೈ ಓಡುವುದಿಲ್ಲ ಎನ್ನುವ ಜಾತಿಯವನು. ಗಾಡಿಯ ಸುತ್ತ ಒಂದು ಸುತ್ತು ಬಂದು ಮೂಸಿದ.

"ಏನಮ್ಮ ಇದು, ಮದುವೆಮನೆಗೆ ಬಂದ ನೆಂಟನ ಹಾಗೆ ಕುಡಿದುಬಿಟ್ಟಿದೆ! ವಾಸನೆ ಬರ್ತಿಲ್ವಾ ನಿಮಗೆ?"

"ಲೀಟರಿಗೆ ಎಷ್ಟು ಕೊಡ್ತಿರಬಹುದು ಇದು?" ಎಂದು ಅವಳು ಥಟ್ಟನೆ ಕೇಳಿದಳು.

"ಮೂವತ್ತೈದು ಬಂದ್ರೆ ಪುಣ್ಯ." ಅವನು ಕಾರ್ಬುರೇಟರ್ ಬಿಚ್ಚಿ ಒಳಗಿನಿಂದ ಒಂದು ಪುಟ್ಟ ಮೊಳೆಯಂಥದ್ದನ್ನು ತೆಗೆದು ಅಂಗೈಯಲ್ಲಿಟ್ಟು ತೋರಿಸಿದ. ಅದರ ತುದಿಯ ರಬ್ಬರ್ ಉಬ್ಬಿ ಬಿರಿದಿತ್ತು. "ನೋಡಿ, ಬಟ್ಟಲು ತುಂಬಿದ ಮೇಲೆ ಪೆಟ್ರೋಲನ್ನ ತಡೆಯೋ ಬಾಗಿಲು ಇದು. ಬಾಗಿಲೇ ಕೆಟ್ಟಿದೆ, ಹರಿದು ಹೋಗ್ತಾ ಇದೆ. ಎಲ್ಲಿ ಹಾಕಿಸ್ತೀರ ಪೆಟ್ರೋಲು?"

"ಮನೆಯವರೇ ತರ್ತಾರೆ. ಬಂಕಿನಲ್ಲೇ ಕೆಲಸ ಅವರಿಗೆ. ಮೂರು ತಿಂಗಳಿಂದ ಹೊಸ ತರದ್ದು ಹಾಕ್ತಿದಾರೆ, ಸ್ಪಿರಿಟ್ ಜಾಸ್ತಿ ಇರೋದು. ಇಂಜಿನ್ನಿಗೆ ಒಳ್ಳೇದಂತೆ."

"ಒಳ್ಳೇದೇ, ಹೊಸ ಗಾಡಿಗೆ. ಈ ಅಜ್ಜನ ಕಾಲದ್ದರ ರಬ್ಬರ್ ಅದಕ್ಕೆ ಒಗ್ಗಲ್ಲ, ಊದಿಕೊಳ್ಳುತ್ತೆ. ಇದಕ್ಕೆ ಸಾದಾದೇ ಹಾಕಬೇಕು. ಆ ದುಬಾರಿ ಬಣ್ಣದ ಪೆಟ್ರೋಲೂ ಬೇಡ, ಅದರಿಂದ ಇದಕ್ಕೇನೂ ಬರಲ್ಲ. ಹೋಗಿ ಅವರಿಗೆ ಹೇಳಿ."

ಮೇಸ್ತ್ರಿಯ ಕಣ್ಣು ಅವಳ ಬೆರಳಿನ ಪಟ್ಟಿಯ ಮೇಲೆ, ಅಲ್ಲಿಂದ ತೋಳಿನ ನೀಲಿಗಟ್ಟಿದ ಬಾಸುಂಡೆಯ ಮೇಲೆ ಒಂದು ಗಳಿಗೆ ನಿಂತು ಹೊರಳಿತು.

"ಗಾಡಿ ಜಾಸ್ತಿ ಕುಡೀತು ಅಂದ್ರೆ ಜಾಸ್ತಿ ಓಡಿದೆ ಅಂತಲ್ಲಮ್ಮ," ಎಂದ, ದನಿ ಇಳಿಸಿ. "ಟೈರಲ್ಲಿ ಗಾಳಿ ಕಮ್ಮಿ ಇದ್ರೂ ಕುಡಿಯುತ್ತೆ, ಬ್ರೇಕ್ ಹಿಡಕೊಂಡ್ರೂ ಕುಡಿಯುತ್ತೆ, ಮನೆಮನೆ ಮುಂದೆ ನಿಲ್ಲಿಸಿ ಎಬ್ಬಿಸಿದ್ರೂ ಕುಡಿಯುತ್ತೆ. ಇರಲಿ, ಯಾವ ಪೆಟ್ರೋಲಿಗೂ ಜಗ್ಗದ ರಬ್ಬರೇ ಹಾಕ್ತೀನಿ. ಅರವತ್ತು ಕೊಡದಿದ್ರೆ ನನ್ನ ಕಿವಿ ಹಿಂಡಿ."

ರಬ್ಬರ್ ಬದಲಾಯಿತು. ಪೆಟ್ರೋಲ್ ಚಿಮ್ಮುವ ಜೆಟ್ ತೊಳೆದ, ಗಾಳಿಯ ತಿರುಪು ಹೊಂದಿಸಿದ, ಚಕ್ರಕ್ಕೆ ಹಿಡಿದುಕೊಂಡಿದ್ದ ಬ್ರೇಕು ಬಿಡಿಸಿದ. ಅವಳು ಆ ಬಿರಿದ ಮೊಳೆಯನ್ನು ಹತ್ತಿಯಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡಳು. ಇದನ್ನು ಅವನ ಅಂಗೈಯಲ್ಲಿಟ್ಟು, ನೋಡಿ, ಹನ್ನೆರಡೂವರೆ ಕಿಲೋಮೀಟರ್ ದೂರದಲ್ಲಿ ಇದ್ದವನು ಇವನೇ ಎಂದು ಹೇಳಬೇಕು. ದಾರಿಯುದ್ದಕ್ಕೂ ಆ ಮಾತನ್ನು ಒಳಗೇ ಹೇಳಿಕೊಂಡು ಬಂದಳು.

ಮರುದಿನ ಸಂಜೆ ಗಂಡ ಪಟ್ಟಿ ಇಳಿಸಿದ, ಎತ್ತಿದ, ಹುಬ್ಬೇರಿಸಿದ.

"ಹತ್ತು!"

ಅವಳ ಕೈ ಜೇಬಿನೊಳಗೆ ಹೋಯಿತು.

"ನೋಡಿದ್ಯಾ?" ಅವನು ನಗುತ್ತಿದ್ದ. ಮದುವೆಯಾದ ಹೊಸದರಲ್ಲಿ ಮಾತ್ರ ಅವಳು ಕಂಡಿದ್ದ, ಹಲ್ಲೆಲ್ಲ ತೋರುವ ನಗು. "ಒಂದು ಸಲ ಸರಿಯಾಗಿ ಬಿದ್ದಿದ್ದಕ್ಕೆ ಹೇಗೆ ಹಾದಿಗೆ ಬಂದೆ! ಹೆದರಿಕೊಂಡು ನಿಧಾನಕ್ಕೆ ಓಡಿಸಿದೀಯ, ಅದಕ್ಕೇ ಎರಡು ಗೆರೆ ಉಳಿದಿದೆ. ಅಮ್ಮಾ, ಇವತ್ತು ಇವಳಿಗೆ ಮೊದಲು ಬಡಿಸು." ಒಳಗೆ ಹೋಗುತ್ತ ಅವಳ ಕೆನ್ನೆ ತಟ್ಟಿದ. "ನಾನೇನು ರಾಕ್ಷಸನಾ? ಹನ್ನೆರಡರ ತನಕ ನಾನು ಒಂದು ಮಾತು ಕೇಳಲ್ಲ."

ಜೇಬಿನೊಳಗೆ ಅವಳ ಬೆರಳುಗಳು ಹತ್ತಿಯ ಉಂಡೆಯನ್ನು ಹಿಡಿದೇ ಇದ್ದವು. ಬಚ್ಚಲಿಗೆ ಹೋಗಿ ಅದನ್ನು ಮೋರಿಗೆ ಹಾಕಿ ಎರಡು ಚೊಂಬು ನೀರು ಹೊಯ್ದಳು.

ಎರಡು ಗೆರೆ ಎಂದರೆ ಹನ್ನೆರಡು ಕಿಲೋಮೀಟರ್. ಆರು ಹೋಗುವುದಕ್ಕೆ, ಆರು ಬರುವುದಕ್ಕೆ. ಮೊದಲ ವಾರ ಅವಳು ಎಲ್ಲಿಗೂ ಹೋಗಲಿಲ್ಲ. ಎರಡನೇ ವಾರ ಒಂದು ದಿನ ಲ್ಯಾಬಿನಿಂದ ಮನೆಗೆ ತಿರುಗುವ ಬದಲು ನೇರ ಹೋದಳು. ಏನೂ ಇಲ್ಲದ ಒಂದು ರಸ್ತೆಯ ಬದಿಯಲ್ಲಿ ನಿಂತು, ಬೇಲಿಯಾಚೆಯ ಎಮ್ಮೆಯೊಂದನ್ನು ಸ್ವಲ್ಪ ಹೊತ್ತು ನೋಡಿ, ಹಿಂದಿರುಗಿದಳು. ಆ ಸಂಜೆ ಪಟ್ಟಿ ಹನ್ನೆರಡು ತೋರಿಸಿತು. ಗಂಡ ಮುಚ್ಚಳ ಹಾಕಿ ಕೈ ಒರೆಸಿಕೊಂಡ. ಅಷ್ಟೇ.

ಲ್ಯಾಬಿನ ಹಿರಿಯ ಸಹಾಯಕಿಯೊಬ್ಬರು ಆ ದಿಕ್ಕಿನಲ್ಲೇ, ಆರು ಕಿಲೋಮೀಟರಿನೊಳಗೆ, ಮಹಡಿಯ ಮೇಲಿನ ಒಂಟಿ ಕೋಣೆಯೊಂದನ್ನು ಖಾಲಿ ಬಿಟ್ಟಿದ್ದರು. "ಕಾರಣ ಹೇಳಬೇಡ, ಕೀಲಿ ತಗೋ," ಎಂದರು. ನೀಲಿ ಪೆಟ್ಟಿಗೆಯಲ್ಲಿ ಐಸಿನ ಚೀಲಗಳ ಕೆಳಗೆ ಒಂದೊಂದೇ ವಸ್ತು ದಾಟತೊಡಗಿತು. ಮೊದಲು ಓದಿನ ಸರ್ಟಿಫಿಕೇಟುಗಳು. ಆಮೇಲೆ ಬೈಕಿನ ಕಾಗದ. ಎರಡು ಜೊತೆ ಬಟ್ಟೆ. ಒಂದು ಲೋಟ, ಒಂದು ತಟ್ಟೆ. ಐದು ವಾರಗಳಲ್ಲಿ ಆ ಕೋಣೆಯಲ್ಲಿ ಒಬ್ಬಳು ಬದುಕಬಹುದಾದಷ್ಟು ಸೇರಿತ್ತು. ಮುಂದಿನ ತಿಂಗಳ ಒಂದನೇ ತಾರೀಖು ಹೊರಟುಬಿಡುವುದೆಂದು ಗಟ್ಟಿ ಮಾಡಿಕೊಂಡಳು.

ಅತ್ತೆಗೆ ಗೊತ್ತಾಗಿತ್ತೋ ಏನೋ. ಅವರದು ಹೆಚ್ಚು ಮಾತಿಲ್ಲದ ಜೀವ. ತಮ್ಮ ಮದುವೆಯಾದ ಎರಡನೇ ವರ್ಷದಿಂದ ಅವರಿಗೆ ಎಡಗಿವಿ ಕೇಳುವುದಿಲ್ಲ, ಯಾಕೆ ಎಂದು ಯಾರೂ ಕೇಳಿದವರಿಲ್ಲ. ಸೊಸೆಗೆ ಏಟು ಬಿದ್ದ ದಿನಗಳಲ್ಲಿ, "ಹೊಂದಿಕೊಂಡು ಹೋಗಮ್ಮ, ಅವನು ಬೇರೆ ಯಾವ ಚಟದವನೂ ಅಲ್ಲ," ಎಂದು ಬಿಸಿನೀರು ತಂದಿಡುತ್ತಿದ್ದರು. ಒಂದು ದಿನ ಒಗೆದ ಬಟ್ಟೆ ಮಡಿಸುತ್ತ, "ನಿನ್ನ ಹಸಿರು ಸ್ವೆಟರ್ ಕಾಣಿಸ್ತಿಲ್ಲ," ಎಂದರು. ಅವಳ ಕೈ ನಿಂತಿತು. "ಹೋಗ್ಲಿ ಬಿಡು, ಚಳಿಗಾಲಕ್ಕೆ ಬೇಕಾಗುತ್ತೆ," ಎಂದು ಅವರೇ ಮಾತು ಮುಗಿಸಿದರು.

ತಾರೀಖು ಬರಲು ನಾಲ್ಕು ದಿನವಿತ್ತು. ಆ ಶನಿವಾರ ಮೇಸ್ತ್ರಿ ಯಾರದೋ ಗಾಡಿ ಪರೀಕ್ಷೆಗೆ ಓಡಿಸಿಕೊಂಡು ಹೆದ್ದಾರಿಯ ಬಂಕಿಗೆ ಹೋದ. ಅಳತೆಯಲ್ಲಿ ಖ್ಯಾತನಾದ ಮೇಲ್ವಿಚಾರಕ ಇವನೇ, ಸೂಜಿಯಕ್ಕನ ಗಂಡನೂ ಇವನೇ ಎಂದು ಗೊತ್ತಾಗುತ್ತಲೂ ಅವನಿಗೆ ಬಾಯಿ ತಡೆಯಲಾಗಲಿಲ್ಲ. ಬೆರಳಿನ ಪಟ್ಟಿಯೂ ಬಾಸುಂಡೆಯೂ ಅವನಿಗೆ ನೆನಪಿದ್ದವು. ಹೆಂಗಸಿನ ಪರವಾಗಿ ಒಂದು ಮಾತು ಹಾಕೋಣವೆಂದೇ ಹೇಳಿದ. "ತಪ್ಪು ನಿಮ್ಮ ಮನೆಯವರದ್ದಲ್ಲ ಸಾರ್, ನೀವು ಹಾಕ್ತಿದ್ದ ಪೆಟ್ರೋಲಿನದು. ರಬ್ಬರ್ ತಿಂದುಹಾಕಿತ್ತು. ನಾನು ಬೇರೆ ಹಾಕಿ ಆಗಲೇ ಎರಡು ತಿಂಗಳಾಯ್ತಲ್ಲ, ಈಗ ಲೀಟರಿಗೆ ಅರವತ್ತು, ಒಂದು ಚೂರೂ ಕಮ್ಮಿ ಇಲ್ಲ."

"ಅರವತ್ತಾ?" ಎಂದು ಕೇಳಿದನಂತೆ ಗಂಡ. ಮೇಸ್ತ್ರಿ ಕೊಟ್ಟ ಚಿಲ್ಲರೆಯನ್ನು ಎಣಿಸದೆ ಹಾಗೇ ಜೇಬಿಗೆ ಹಾಕಿಕೊಂಡನಂತೆ.

ಭಾನುವಾರ ಬೆಳಿಗ್ಗೆ ಅವನು ಬಂಕಿನಿಂದ ಪೆಟ್ರೋಲ್ ತರಲಿಲ್ಲ. ಅಂಗಳದಲ್ಲಿ ಬೈಕಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಟ್ಯಾಂಕಿನ ಕೆಳಗಿನ ಕೊಳವೆ ಕಳಚಿ, ಲೀಟರಿನ ತಗಡಿನ ಅಳತೆಗೆ ಪೆಟ್ರೋಲ್ ಇಳಿಸುತ್ತಿದ್ದ. ಅವಳು ಬಟ್ಟೆ ಒಣಹಾಕಲು ಬಾಗಿಲಿಗೆ ಬಂದವಳು ಅಲ್ಲೇ ನಿಂತಳು.

"ಬಾ," ಎಂದ. "ಲೀಟರಿಗೆ ಅರವತ್ತಾದ್ರೆ ಹನ್ನೆರಡು ಗೆರೆಗೆ ಎಪ್ಪತ್ತೆರಡು. ದಿನಾ ಆರು ಕಿಲೋಮೀಟರ್ ಹೋಗಿ, ಆರು ಬರ್ತಿದ್ದೆ. ಹನ್ನೆರಡೂವರೆ ಅಂದುಕೊಂಡಿದ್ದೆ ನಾನು. ಇಷ್ಟು ಹತ್ತಿರದಲ್ಲೇ ಇದ್ದಾನೆ ಅಂತ ಗೊತ್ತಿರಲಿಲ್ಲ."

"ಯಾರೂ ಇಲ್ಲ. ಅದೊಂದು ಕೋಣೆ ಅಷ್ಟೇ."

ಹೇಳಿಬಿಟ್ಟಿದ್ದಳು. ಹೇಳಿದ ಮೇಲೆ ಅವಳಿಗೇ ಆಶ್ಚರ್ಯವಾಯಿತು, ದನಿ ನಡುಗಿರಲಿಲ್ಲ.

"ಯಾವ ಕೋಣೆ?"

"ನಾನಿರೋಕೆ."

ಅವನು ಎದ್ದ. ಅಳತೆ ಕಂಠದವರೆಗೆ ತುಂಬಿತ್ತು. ಒಂದು ಹನಿ ಚೆಲ್ಲದಂತೆ ಎತ್ತಿಕೊಂಡು ನಾಲ್ಕು ಹೆಜ್ಜೆ ಬಂದು ಅವಳ ತಲೆಯ ಮೇಲೆ ಸುರಿದ. ತಣ್ಣಗಿತ್ತು. ಅದೇ ಅವಳಿಗೆ ಮೊದಲು ತಿಳಿದದ್ದು, ಅದು ಎಷ್ಟು ತಣ್ಣಗಿದೆ ಎಂಬುದು. ಮರುಗಳಿಗೆ ಕಣ್ಣು ಉರಿದವು, ಮೂಗು ಬಾಯಿ ತುಂಬಿದವು, ಉಸಿರು ಕಟ್ಟಿತು. ಅವನು ಅವಳ ಜುಟ್ಟು ಹಿಡಿದು ಅಡುಗೆಮನೆಯೊಳಗೆ ಎಳೆದ. ಅವಳ ಮೊಣಕಾಲು ಹೊಸ್ತಿಲಿಗೆ ಬಡಿಯಿತು. "ಒಂದು ಹನಿ ಮೋಸ ಮಾಡಿದವನಲ್ಲ ನಾನು!" ಅವನು ಕಿರುಚುತ್ತಿದ್ದ. "ಹದಿನಾಲ್ಕು ವರ್ಷ! ಒಂದು ಹನಿ! ಅಮ್ಮಾ, ಬೆಂಕಿಪೊಟ್ಟಣ ಕೊಡು!"

ಅತ್ತೆ ಒಲೆಯ ಮುಂದಿದ್ದರು. ವಾಸನೆ ಬಂದೊಡನೆಯೇ ಉರಿ ಆರಿಸಿದ್ದರು. ಬೆಂಕಿಪೊಟ್ಟಣ ಅವರ ಬಲಗೈಯ ಮುಷ್ಟಿಯಲ್ಲಿತ್ತು.

"ಕೊಡು ಅಂದೆ."

ಅವರು ಮಗನ ಮುಖ ನೋಡಿದರು. ಆಮೇಲೆ ಮುಷ್ಟಿಯನ್ನು ಎಂಜಲು ಪಾತ್ರೆಗಳು ನೆನೆದಿದ್ದ ಬಕೆಟ್ಟಿನೊಳಗೆ ಮೊಣಕೈಯವರೆಗೆ ಅದ್ದಿದರು.

ಅವನು ಹೆಂಡತಿಯನ್ನು ಬಿಟ್ಟು ಅವರ ಮೇಲೆ ಬಿದ್ದ. ತೋಳು ಹಿಡಿದು ಮೇಲೆಳೆದ, ಮುಷ್ಟಿ ಬಿಡಿಸಲು ನೋಡಿದ, ಆಗಲಿಲ್ಲ. ತಿರುಚಿದ. ಒಣಗಿದ ಕಡ್ಡಿ ಮುರಿದ ಹಾಗೆ ಸದ್ದಾಯಿತು. ಅತ್ತೆ ಕೂಗಲಿಲ್ಲ. ಒದ್ದೆಯಾಗಿ ಮುದ್ದೆಯಾದ ಪೊಟ್ಟಣ ಬೆರಳ ಸಂದಿಯಿಂದ ನೆಲಕ್ಕೆ ಬಿತ್ತು. ಅವನು ಒಲೆಯ ಪಕ್ಕದ ಲೈಟರ್ ಕಡೆ ತಿರುಗಿದಾಗ ಅವರು ಉಳಿದೊಂದು ಕೈಯಲ್ಲಿ ಅವನ ಅಂಗಿಯನ್ನು ಹಿಂದಿನಿಂದ ಬಾಚಿ ಹಿಡಿದು, ಇಡೀ ಮೈಭಾರ ಬಿಟ್ಟು ಕೆಳಗೆ ಕೂತುಬಿಟ್ಟರು.

"ಹೋಗೇ!" ಎಂದರು. "ನಿಂತ್ಕೊಂಡು ಏನು ನೋಡ್ತೀಯ, ಹೋಗು!"

ಅವಳು ಹೋಗಲಿಲ್ಲ. ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. ತಡಕಿದ ಕೈಗೆ ಒಲೆಯ ಮೇಲಿನ ಭಾರದ ಬಾಣಲೆ ಸಿಕ್ಕಿತು. ಬಿಸಿಯಿತ್ತು, ಅಂಗೈ ಚುರ್ರೆಂದಿತು. ಎತ್ತಿ, ಲೈಟರಿಗೆ ಚಾಚಿದ್ದ ತೋಳಿನ ಮೇಲೆ ಇಳಿಸಿದಳು. ಇನ್ನೊಮ್ಮೆ. ಮೂರನೇ ಸಲ ಎಲ್ಲಿಗೆ ತಾಗಿತೋ ಅವಳಿಗೆ ಗೊತ್ತಿಲ್ಲ. ಅವನು ಕಪಾಟಿಗೆ ಒರಗಿ ಜಾರಿ ಕೂತ. ಕಿವಿಯ ಮೇಲಿಂದ ರಕ್ತ ಇಳಿದು ಅಂಗಿಯ ಕಾಲರಿಗೆ ಹರಡಿತು. ಅಷ್ಟು ವರ್ಷ ಬೇರೆಯವರ ರಕ್ತವನ್ನು ಹನಿ ಚೆಲ್ಲದಂತೆ ತುಂಬಿಕೊಂಡು ಬಂದವಳು ಅದು ನೆಲಕ್ಕೆ ತೊಟ್ಟಿಕ್ಕುವುದನ್ನು ನೋಡುತ್ತ ನಿಂತಳು. ಅವನು ಉಸಿರಾಡುತ್ತಿದ್ದ. ಕಣ್ಣು ಬಿಟ್ಟುಕೊಂಡು ಅವಳನ್ನೇ ನೋಡುತ್ತಿದ್ದ, ಲೆಕ್ಕದಲ್ಲೆಲ್ಲೋ ತಪ್ಪಾಗಿದೆ, ಎಲ್ಲಿ ಎಂದು ತಿಳಿಯುತ್ತಿಲ್ಲ ಎನ್ನುವಂತೆ.

ಅವಳು ಲೈಟರನ್ನು ಕಿಟಕಿಯಿಂದ ಹೊರಗೆಸೆದಳು. ಅತ್ತೆಯನ್ನು ಕಂಕುಳಿಗೆ ಕೈಹಾಕಿ ಎಬ್ಬಿಸಿ ಬೀದಿಗೆ ನಡೆಸಿಕೊಂಡು ಬಂದಳು. ಹೊರಗಿನಿಂದ ಚಿಲಕ ಹಾಕಿದಳು. ಭಾನುವಾರದ ಬೀದಿಯಲ್ಲಿ ಜನ ಅಲ್ಲಲ್ಲೇ ನಿಂತಿದ್ದರು. ಎದುರು ಮನೆಯ ಟೈಲರು ಕೈಯಲ್ಲಿದ್ದ ಸಿಗರೇಟನ್ನು ನೆಲಕ್ಕೆ ಹಾಕಿ ಚಪ್ಪಲಿಯಿಂದ ಹೊಸಕಿ, "ಹತ್ತಿರ ಬರಬೇಡ್ರೋ, ನೀರು, ನೀರು ತನ್ನಿ!" ಎಂದು ಕೂಗಿದ. ಯಾರೋ ಪೈಪು ಎಳೆದು ತಂದರು. ತಲೆಯ ಮೇಲೆ ನೀರು ಸುರಿಯುವಾಗ ಅವಳು ಅತ್ತೆಯ ಮುರಿದ ಕೈಗೆ ನೀರಿನ ಹೊಡೆತ ಬೀಳದಂತೆ ಅಡ್ಡ ನಿಂತಿದ್ದಳು.

ಪೊಲೀಸರು ಬಂದು ಚಿಲಕ ತೆಗೆದಾಗ ಅವನು ಅಲ್ಲೇ ಕೂತಿದ್ದ. ತಲೆಗೆ ಬಟ್ಟೆ ಸುತ್ತಿ ಜೀಪಿಗೆ ಹತ್ತಿಸಿದರು. ಪೇದೆಯೊಬ್ಬ ಅತ್ತೆಯನ್ನು ಕೇಳಿದ, "ಏನಜ್ಜಿ, ಗಂಡ ಹೆಂಡತಿ ಜಗಳದಲ್ಲಿ ನೀವು ಜಾರಿ ಬಿದ್ರಾ?" ಅವನು ಅವರ ಎಡಗಡೆ ನಿಂತಿದ್ದ. ಅವರು ಪೂರ್ತಿ ತಿರುಗಿ, ಬಲಗಿವಿ ಕೊಟ್ಟು, ಇನ್ನೊಮ್ಮೆ ಕೇಳಿಸಿಕೊಂಡರು.

"ಇಲ್ಲ," ಎಂದರು. "ನನ್ನ ಮಗ ಇವಳನ್ನ ಸುಡೋಕೆ ಹೋದ. ಕೈ ಮುರಿದವನೂ ಅವನೇ. ಹಾಗೇ ಬರ್ಕೊಳ್ಳಿ."

ಬರೆದುಕೊಂಡ. ಅವರು ಹೆಬ್ಬೆಟ್ಟು ಒತ್ತಬೇಕಾದ ಜಾಗದಲ್ಲಿ ಎಡಗೈಯಿಂದ ಕಷ್ಟಪಟ್ಟು, ಸೊಟ್ಟ ಅಕ್ಷರಗಳಲ್ಲಿ, ಹೆಸರು ಬರೆದರು.

ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿ ಮುಗಿಯುವಾಗ ಮಧ್ಯಾಹ್ನವಾಗಿತ್ತು. ಅವಳ ಅಂಗೈಗೆ ಮುಲಾಮು ಹಚ್ಚಿ, ಕಣ್ಣು ತೊಳೆದು, ಯಾರದೋ ದೊಗಳೆ ಅಂಗಿಯೊಂದನ್ನು ಕೊಟ್ಟಿದ್ದರು. ಎಷ್ಟು ತೊಳೆದರೂ ಕೂದಲಿನ ವಾಸನೆ ಹೋಗಿರಲಿಲ್ಲ. ಇಬ್ಬರೂ ಗೇಟಿನ ಪಕ್ಕದ ಕಲ್ಲುಬೆಂಚಿನ ಮೇಲೆ ಬಿಸಿಲಿಗೆ ಕೂತರು. ಅವಳು ಎರಡು ಲೋಟ ಚಹಾ ತಂದಳು. ಅತ್ತೆ ಎಡಗೈಯಲ್ಲಿ ಲೋಟ ಹಿಡಿದು ತುಟಿಗೆ ಒಯ್ಯುವಾಗ ಅದು ಅಲುಗಾಡಿ ಅಂಚಿನಿಂದ ಚೆಲ್ಲಿತು. ಅವಳು ಲೋಟದ ತಳಕ್ಕೆ ಎರಡು ಬೆರಳು ಕೊಟ್ಟಳು.

"ಸಕ್ಕರೆ ಜಾಸ್ತಿ," ಎಂದರು ಅತ್ತೆ.

"ಬೇರೆ ತರ್ಲಾ?"

"ಬೇಡ. ಚೆನ್ನಾಗಿದೆ."

ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಆಸ್ಪತ್ರೆಯ ಕಾವಲುಗಾರ ಊಟ ಮುಗಿಸಿ ಬಂದು ಕೂತ. ಕಾಲು ಚಾಚಿ, ಬೀಡಿಯೊಂದನ್ನು ತುಟಿಗಿಟ್ಟು, ಕಡ್ಡಿ ತೆಗೆದವನು ಮೂಗರಳಿಸಿದ. ಇವರಿಬ್ಬರ ಕಡೆ ಒಮ್ಮೆ ನೋಡಿದ. ಎದ್ದು, ಗೇಟು ದಾಟಿ, ರಸ್ತೆ ದಾಟಿ, ಆಚೆ ಬದಿಯ ಮರದ ಕೆಳಗೆ ಹೋಗಿ ಬೆನ್ನು ತಿರುಗಿಸಿ ನಿಂತ. ಅಲ್ಲಿ ಕಡ್ಡಿ ಗೀರಿದ.